ಕೃತಕ ಕಾಲಿನ ವಿದ್ಯೆಗೆ ಹಣ ಕೊಟ್ಟವರು ಯಾರು?

ಬೈಂದೂರು ತಾಲ್ಲೂಕಿನ ಉಪ್ಪುಂದದಂಥ ಕಡಲ ತಡಿಯ ಊರಿನಲ್ಲಿ ಮನುಷ್ಯನ ಕಾಲಿಗೆ ಕೆಲಸ ಬಹಳ. ಹೊಯ್ಗೆಯಲ್ಲಿ ದೋಣಿ ದೂಡಬೇಕು, ಮಳೆಗಾಲದಲ್ಲಿ ಕೆಸರುಗದ್ದೆಗೆ ಇಳಿಯಬೇಕು, ಜಾರುವ ಕಂಟದ ಮೇಲೆ ಆಯ ತಪ್ಪದೆ ನಡೆಯಬೇಕು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಹೊರಗೆ ಬಿಡಬೇಕು. ಯುರೋಪು, ಅಮೆರಿಕಗಳಲ್ಲಿ ರೂಪುಗೊಂಡ ಕೃತಕ ಕಾಲು ಇದಾವುದನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ್ದಲ್ಲ. ಬೂಟು ತೊಟ್ಟು, ಒಣನೆಲದಲ್ಲಿ ನಡೆದು, ಕುರ್ಚಿಯಲ್ಲಿ ಕೂರುವವರ ಕಾಲು ಅದು. ಮರ, ಚರ್ಮ, ಲೋಹದ ಪಟ್ಟಿಗಳಿಂದಾದ ಅಂಥ ಕಾಲಿಗೆ ಕರಾವಳಿಯ ಉಪ್ಪುನೀರು ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಎರಡೂ ಶತ್ರುಗಳೇ.

ಕೃತಕ ಕಾಲಿನ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಕಾಲಿನ ಬೆಲೆಯ ಬಗ್ಗೆ, ಉಚಿತ ಶಿಬಿರಗಳ ಬಗ್ಗೆ ಮಾತು ನಡೆಯುತ್ತದೆ. ಅದನ್ನು ಮಾಡುವವರು ಯಾರು, ಅವರು ಎಲ್ಲಿ ಕಲಿತರು, ಕಲಿಯಲು ಹಣ ಯಾರು ಕೊಟ್ಟರು ಎಂಬುದನ್ನು ಕೇಳುವವರು ಕಡಿಮೆ. ಅಶ್ವಿನೀದೇವತೆಗಳು ವಿಶ್ಪಲೆಗೆ ಲೋಹದ ಕಾಲು ಜೋಡಿಸಿದರೆಂದು ಋಗ್ವೇದ ಹೇಳುತ್ತದೆ. ಭಾಷಣಗಳಲ್ಲಿ ಇದನ್ನು ನೆನೆಯುವುದು ವಾಡಿಕೆ. ದೇವವೈದ್ಯರಿಗೆ ತರಬೇತಿ ಬೇಕಿರಲಿಲ್ಲವೆಂದು ಇಟ್ಟುಕೊಳ್ಳೋಣ. ಮನುಷ್ಯರಿಗಂತೂ ಅದು ಬೇಕು.

ಎಷ್ಟು ಬೇಕು ಎಂಬುದು ಕೆಲಸವನ್ನು ನೋಡಿದರೆ ತಿಳಿಯುತ್ತದೆ. ಮೊಣಕಾಲಿನ ಕೆಳಗೆ ಕತ್ತರಿಸಿದ ಕಾಲನ್ನು ತೆಗೆದುಕೊಳ್ಳಿ. ಉಳಿದ ಮೋಟುಗಾಲಿಗೆ ಮೊದಲು ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಹೊಯ್ದರೆ ಮೋಟುಗಾಲಿನ ಪ್ರತಿರೂಪ ಸಿಗುತ್ತದೆ. ವಿದ್ಯೆ ಶುರುವಾಗುವುದು ಇಲ್ಲಿಂದ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾರ ತಾಳುತ್ತದೆ, ಆದ್ದರಿಂದ ಅಲ್ಲಿ ಪ್ಲಾಸ್ಟರನ್ನು ಕೆರೆದು ತಗ್ಗು ಮಾಡಬೇಕು. ಹೊರಮಗ್ಗುಲಲ್ಲಿ ಚರ್ಮಕ್ಕೆ ಹತ್ತಿಕೊಂಡೇ ಇರುವ ಎಲುಬಿನ ಗುಬುಟು ಭಾರ ತಾಳದು, ಅಲ್ಲಿ ಪ್ಲಾಸ್ಟರ್ ಮೆತ್ತಿ ಉಬ್ಬಿಸಬೇಕು. ಈ ತಿದ್ದಿದ ಪ್ರತಿರೂಪದ ಮೇಲೆ ಕಾದ ಪ್ಲಾಸ್ಟಿಕ್ ಹಾಳೆ ಹೊದಿಸಿದಾಗ ಕಾಲು ಕೂರುವ ಗೂಡು, ಅಂದರೆ ಸಾಕೆಟ್, ಸಿದ್ಧವಾಗುತ್ತದೆ. ಆಮೇಲೆ ಪಾದವನ್ನು ಯಾವ ಕೋನದಲ್ಲಿ ಜೋಡಿಸಬೇಕೆಂಬ ಲೆಕ್ಕಾಚಾರ, ಆಮೇಲೆ ನಡೆಸಿ ನೋಡುವುದು. ತಿದ್ದುವಾಗ ಕೆಲವೇ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಸಾಕು, ಚರ್ಮ ಉಜ್ಜಿ ಹುಣ್ಣಾಗುತ್ತದೆ. ಸಕ್ಕರೆಕಾಯಿಲೆಯಿಂದಲೋ ಕುಷ್ಠದಿಂದಲೋ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಆ ಹುಣ್ಣು ಆಗಿದ್ದೇ ತಿಳಿಯುವುದಿಲ್ಲ. ಪೋಲಿಯೋ ಬಂದವರಿಗೆ ಕೊಡುವ ಕ್ಯಾಲಿಪರಿನ ಕತೆಯೂ ಇದೇ. ಮೇಲಾಗಿ ಬೆಳೆಯುವ ಮಗುವಿಗೆ ವರ್ಷ ತುಂಬುವುದರೊಳಗೆ ಅಳತೆ ಬದಲಾಗುತ್ತದೆ. ಒಮ್ಮೆ ಶಿಬಿರದಲ್ಲಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯುವ ಕೆಲಸ ಇದಲ್ಲ.

ಭಾರತದಲ್ಲಿ ಈ ವಿದ್ಯೆಗೆ ಮೊದಲ ಒತ್ತಾಸೆ ಬಂದದ್ದು ಯುದ್ಧದಿಂದ. ಎರಡನೆಯ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡ ಸೈನಿಕರಿಗಾಗಿ 1944ರಲ್ಲಿ ಪುಣೆಯಲ್ಲಿ ಕೃತಕ ಅಂಗ ಕೇಂದ್ರ ಹುಟ್ಟಿತು. ನಾಗರಿಕರ ಸರದಿ ಬಂದದ್ದು 1955ರಲ್ಲಿ, ಮುಂಬಯಿಯ ಹಾಜಿ ಅಲಿಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಪುನರ್ವಸತಿ ಸಂಸ್ಥೆ ತೆರೆದಾಗ. ಅಂಗಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಕೇಂದ್ರ ಸರ್ಕಾರ 1972ರಲ್ಲಿ ಕಾನ್ಪುರದಲ್ಲಿ ಅಲಿಮ್ಕೋ ನಿಗಮವನ್ನು ಸ್ಥಾಪಿಸಿತು. ಕಾರ್ಖಾನೆಯೇನೋ ಬಿಡಿಭಾಗಗಳನ್ನು ಸಾವಿರಗಟ್ಟಲೆ ಮಾಡಬಲ್ಲುದು. ಮೋಟುಗಾಲಿಗೆ ಹೊಂದುವ ಸಾಕೆಟ್ಟನ್ನು ಮಾತ್ರ ಒಬ್ಬೊಬ್ಬರಿಗೂ ಬೇರೆಯಾಗಿಯೇ ಮಾಡಬೇಕು.

ಈ ಇತಿಹಾಸದಲ್ಲಿ 1968 ಒಂದು ವಿಚಿತ್ರವಾದ ವರ್ಷ. ಡೆನ್ಮಾರ್ಕಿನ ಹೋಲ್ಟೆಯಲ್ಲಿ ಆ ವರ್ಷ ವಿಶ್ವಸಂಸ್ಥೆಯ ವಿಚಾರಸಂಕಿರಣವೊಂದು ಸೇರಿತು. ಕೃತಕ ಅಂಗ ಜೋಡಿಸುವವರಿಗೆ ಎಂಥ ಶಿಕ್ಷಣ ಇರಬೇಕು ಎಂಬುದೇ ಅದರ ವಿಷಯ. ಈ ಕೆಲಸ ಬಡಗಿಯ ಇಲ್ಲವೆ ಚಮ್ಮಾರನ ಉಪಕಸುಬಾಗಿ ಉಳಿಯಬಾರದು, ಶರೀರಶಾಸ್ತ್ರ ಮತ್ತು ಯಂತ್ರಶಾಸ್ತ್ರ ಕಲಿತ ವೃತ್ತಿಯಾಗಬೇಕು ಎಂಬ ಕಡೆಗೆ ಚರ್ಚೆ ವಾಲಿತು. ಅದರ ಬೆನ್ನಿಗೆ, 1970ರಲ್ಲಿ, ಕೋಪನ್‌ಹೇಗನ್ನಿನಲ್ಲಿ ಐ.ಎಸ್.ಪಿ.ಒ. ಎಂಬ ಅಂತರರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು.

ಅದೇ 1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಇನ್ನೊಂದು ಬಗೆಯ ಉತ್ತರ ಸಿದ್ಧವಾಗುತ್ತಿತ್ತು. ಮೂಳೆತಜ್ಞ ಡಾ. ಪಿ.ಕೆ. ಸೇಠಿ ಮತ್ತು ಅವರ ಸಹವೈದ್ಯರ ಜೊತೆಗೆ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಇದ್ದರು. ಶಾಲೆಯಲ್ಲಿ ಹೆಚ್ಚು ಓದಿದವರಲ್ಲ, ಆದರೆ ಕೈಯಲ್ಲಿ ವಿದ್ಯೆ ಇದ್ದವರು. ಟಯರ್ ರಿಟ್ರೆಡ್ ಮಾಡುವ ರಬ್ಬರ್ ಕೆಲಸದ ರೀತಿಯನ್ನೇ ಅನುಸರಿಸಿ, ಮರ ಮತ್ತು ರಬ್ಬರನ್ನು ಅಚ್ಚಿನಲ್ಲಿ ಬೇಯಿಸಿ ಅವರು ರೂಪಿಸಿದ ಪಾದವೇ ಜೈಪುರ ಪಾದ. ಅದಕ್ಕೆ ಬೂಟು ಬೇಡ. ಬರಿಗಾಲಿನಲ್ಲಿ ಗದ್ದೆಗೆ ಇಳಿಯಬಹುದು, ಕುಕ್ಕರುಗಾಲಿನಲ್ಲಿ ಕೂರಬಹುದು, ನೆನೆದರೆ ಚಿಂತೆಯಿಲ್ಲ. ನೋಡಲು ಪಾದದ ಹಾಗೇ ಇರುತ್ತದೆ. ಪೇಟೆಂಟ್ ಮಾಡದೆ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಉಚಿತವಾಗಿ ಹಂಚತೊಡಗಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಈ ಪಾದದೊಂದಿಗೆ ಮತ್ತೆ ರಂಗಕ್ಕೆ ಬಂದ ಮೇಲೆ, 1980ರ ದಶಕದ ನಡುವಿನಲ್ಲಿ, ಜೈಪುರ ಪಾದದ ಹೆಸರು ಮನೆಮನೆಗೆ ತಲುಪಿತು. ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್, ಬೆಂಗಳೂರಿನಲ್ಲಿ ಮಾರ್ವಾಡಿ ಯುವಕ ಸಂಘದ ಕೇಂದ್ರ ಮುಂತಾದವು ಈ ಪರಂಪರೆಗೆ ಸೇರಿದವು.

ಹೋಲ್ಟೆಯ ಉತ್ತರ ಮತ್ತು ಜೈಪುರದ ಉತ್ತರ ಒಂದಕ್ಕೊಂದು ತದ್ವಿರುದ್ಧ. ಒಂದು ಕಡೆ ಮೂರು ನಾಲ್ಕು ವರ್ಷದ ಓದು, ಪರೀಕ್ಷೆ, ಪ್ರಮಾಣಪತ್ರ. ಇನ್ನೊಂದು ಕಡೆ ಗುರುವಿನ ಪಕ್ಕದಲ್ಲಿ ಕುಳಿತು ಕೈಯಿಂದ ಕಲಿತ ಕಸುಬು. ಪಶ್ಚಿಮದ ತಜ್ಞರು ಜೈಪುರ ಪಾದವನ್ನು ಹೊಗಳಿದರೂ ಅದನ್ನು ಜೋಡಿಸುವ ಕ್ರಮದ ಬಗ್ಗೆ ತಕರಾರು ತೆಗೆದರು. ಪಾದ ಚೆನ್ನಾಗಿದೆ, ಆದರೆ ಪಾಲಿಎಥಿಲೀನ್ ಪೈಪಿನಿಂದ ಅವಸರದಲ್ಲಿ ಮಾಡಿದ ಸಾಕೆಟ್ ಮೋಟುಗಾಲಿಗೆ ಸರಿಯಾಗಿ ಹೊಂದುವುದಿಲ್ಲ ಎಂಬುದು ಅದರ ಸಾರ. ಆಕ್ಷೇಪದಲ್ಲಿ ಹುರುಳಿತ್ತು. ಹಾಗೆಂದು ಕಸುಬುದಾರರನ್ನು ತಳ್ಳಿಹಾಕುವುದೂ ನ್ಯಾಯವಲ್ಲ. ಅವರು ಇಲ್ಲದಿದ್ದರೆ ಲಕ್ಷಾಂತರ ಬಡವರು ನೆಲದ ಮೇಲೆ ತೆವಳುತ್ತಲೇ ಇರುತ್ತಿದ್ದರು, ಡಿಪ್ಲೊಮಾ ಪಡೆದವರು ಹಳ್ಳಿಗೆ ಬರುವವರೆಗೆ ಕಾಯುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಬಡದೇಶಗಳ ತೊಡಕು ಇನ್ನೊಂದಿತ್ತು. ಓದಬೇಕೆಂದರೆ ಶಾಲೆಯೇ ಇಲ್ಲ. ಗ್ಲಾಸ್ಗೋಗೋ ಡೆನ್ಮಾರ್ಕಿಗೋ ಒಬ್ಬಿಬ್ಬರನ್ನು ವಿದ್ಯಾರ್ಥಿವೇತನ ಕೊಟ್ಟು ಕಳಿಸಿದರೆ, ಅವರು ಕಲಿತು ಬರುವ ಸಾಮಗ್ರಿ ಮತ್ತು ಯಂತ್ರ ತಮ್ಮ ದೇಶದಲ್ಲಿ ಸಿಗುವುದಿಲ್ಲ. ಅಲ್ಲಿಯೇ ಕೆಲಸ ಸಿಕ್ಕಿದರೆ ಹಿಂತಿರುಗುವ ಮನಸ್ಸೂ ಬರುವುದಿಲ್ಲ. ಹಾಗಾಗಿ ವಿದ್ಯಾರ್ಥಿಯನ್ನು ಶಾಲೆಗೆ ಕಳಿಸುವ ಬದಲು ಶಾಲೆಯನ್ನೇ ವಿದ್ಯಾರ್ಥಿಯ ಹತ್ತಿರಕ್ಕೆ ತರುವ ಪ್ರಯತ್ನ ನಡೆಯಿತು. ಕಿಲಿಮಂಜಾರೋ ಪರ್ವತದ ತಪ್ಪಲಿನ ಮೋಶಿಯಲ್ಲಿ 1981ರಲ್ಲಿ ಜರ್ಮನಿಯ ನೆರವಿನಿಂದ ಟಾಂಜಾನಿಯಾ ಸರ್ಕಾರ ಟ್ಯಾಟ್‌ಕಾಟ್ ಎಂಬ ಶಾಲೆ ತೆರೆಯಿತು. ನೆಲಬಾಂಬುಗಳಿಂದ ಕಂಗೆಟ್ಟ ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ 1994ರಲ್ಲಿ ಇನ್ನೊಂದು ಶುರುವಾಯಿತು. ಈ ಶಾಲೆಗಳಿಗೆ ನೆರೆದೇಶಗಳಿಂದ ಬರುವವರ ಖರ್ಚಿಗೆ ವಿದ್ಯಾರ್ಥಿವೇತನ ಬೇಕಾಯಿತು. ಅಮೆರಿಕದ ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಒತ್ತಾಯದಿಂದ 1989ರಲ್ಲಿ ಹುಟ್ಟಿದ ಯುದ್ಧಸಂತ್ರಸ್ತರ ನಿಧಿಯ ಹಣ ಯು.ಎಸ್.ಏಡ್ ಮೂಲಕ ಐ.ಎಸ್.ಪಿ.ಒ.ಗೆ ಬಂದು, ಅಲ್ಲಿಂದ ವಿದ್ಯಾರ್ಥಿಗಳಿಗೆ ತಲುಪಿತು. ಕಾಲು ಕಳೆಯುವ ಯುದ್ಧಗಳಲ್ಲಿ ದೊಡ್ಡ ದೇಶಗಳ ಪಾಲೆಷ್ಟು ಎಂಬ ಪ್ರಶ್ನೆ ಇಲ್ಲಿ ಏಳದೆ ಇರದು. ಆದರೂ ಹಣ ಒಳ್ಳೆಯ ಕೆಲಸಕ್ಕೆ ಹೋಯಿತು.

ಕನ್ನಡನಾಡು ಈ ಕತೆಯೊಳಗೆ ಬರುವುದು 1994ರಲ್ಲಿ. ಆ ವರ್ಷ ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಎಂಬ ಸ್ವಯಂಸೇವಾ ಸಂಸ್ಥೆ ಆರಂಭವಾಯಿತು. ಕೃತಕ ಅಂಗ, ಕ್ಯಾಲಿಪರ್‌ಗಳ ಸೇವೆಯ ಜೊತೆಗೆ ಅವನ್ನು ಮಾಡುವವರ ತರಬೇತಿಯನ್ನೂ ಅದು ಕೈಗೆತ್ತಿಕೊಂಡಿತು. ಯುದ್ಧವಿಲ್ಲದ ನಾಡಿನಲ್ಲಿ ಕಾಲು ಹೋಗುವುದು ರಸ್ತೆ ಅಪಘಾತ, ಯಂತ್ರ, ಸಕ್ಕರೆಕಾಯಿಲೆಗಳಿಂದ. ಆ ಕಾಲಕ್ಕೆ ಪೋಲಿಯೋ ಇನ್ನೂ ಹೋಗಿರಲಿಲ್ಲ. ದೇಶದಾದ್ಯಂತ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ, ಭಾರತ ಪೋಲಿಯೋಮುಕ್ತವೆಂದು ಘೋಷಣೆಯಾದದ್ದು 2014ರಲ್ಲಿ. ಹಳೆಯ ರೋಗ ಹೋದರೂ ಅದು ಬಿಟ್ಟುಹೋದ ಕಾಲುಗಳಿಗೆ ಆಯುಷ್ಯವಿಡೀ ಕ್ಯಾಲಿಪರ್ ಬೇಕು.

ಮೊಬಿಲಿಟಿ ಇಂಡಿಯಾ ಹಿಡಿದ ದಾರಿ ಹೋಲ್ಟೆ ಮತ್ತು ಜೈಪುರಗಳ ನಡುವಿನದು. ಎಲ್ಲವನ್ನೂ ಒಟ್ಟಿಗೆ ಕಲಿಸುವ ದೀರ್ಘ ಶಿಕ್ಷಣದ ಬದಲು, ಕಾಲಿನ ಕೃತಕ ಅಂಗ ಇಲ್ಲವೆ ಕಾಲಿನ ಆಧಾರಸಾಧನ ಎಂದು ಒಂದೊಂದೇ ವಿಷಯವನ್ನು ಗಟ್ಟಿಯಾಗಿ ಕಲಿಸುವ ಕಿರು ಅವಧಿಯ ಶಿಕ್ಷಣವನ್ನು 2000ದ ದಶಕದಲ್ಲಿ ಅದು ನಡೆಸಿತು. ಐ.ಎಸ್.ಪಿ.ಒ. ಮಾಡಿದ್ದ ಮೂರು ವರ್ಗಗಳಲ್ಲಿ ಎರಡನೆಯದರ ಮಾನ್ಯತೆ ಇದಕ್ಕೆ ಸಿಕ್ಕಿತು. ಮುಂದೆ ಪದವಿ ಶಿಕ್ಷಣವೂ ಬಂತು. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಹಾಗೂ ಆಫ್ರಿಕದ ದೇಶಗಳಿಂದ ವಿದ್ಯಾರ್ಥಿಗಳು ಬೆಂಗಳೂರಿಗೆ ಬಂದು ಕಲಿತರು. ಒಂದು ಕಾಲಕ್ಕೆ ವಿದ್ಯೆಗಾಗಿ ಹೊರಗೆ ನೋಡುತ್ತಿದ್ದ ನಾಡು ಹೀಗೆ ಕಲಿಸುವ ನಾಡಾಯಿತು.

ಮಹಿಳೆಯರಿಗೂ ಅಂಗವಿಕಲರಿಗೂ ಈ ಸಂಸ್ಥೆ ಆದ್ಯತೆ ಕೊಟ್ಟದ್ದನ್ನು ವಿಶೇಷವಾಗಿ ಹೇಳಬೇಕು. ಇದು ದಯೆಯ ಪ್ರಶ್ನೆ ಅಲ್ಲ. ತೊಡೆಯವರೆಗೆ ಪ್ಲಾಸ್ಟರ್ ಸುತ್ತಿ ಅಳತೆ ತೆಗೆಯುವ ಕೆಲಸವಿದು. ಕುಂದಾಪುರದ ಕಡೆಯ ಹಳ್ಳಿಯ ಹೆಂಗಸೊಬ್ಬಳು ಅಪರಿಚಿತ ಗಂಡಸಿನ ಮುಂದೆ ಇದಕ್ಕೆ ಒಪ್ಪುವಳೇ? ಮನೆಯವರು ಒಪ್ಪುವರೇ? ಅಳತೆ ತೆಗೆಯುವ ಹೆಂಗಸು ಇಲ್ಲವೆಂಬ ಒಂದೇ ಕಾರಣಕ್ಕೆ ಕಾಲಿಲ್ಲದೆ ಮೂಲೆಯಲ್ಲಿ ಕುಳಿತವರ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ವಿದ್ಯಾರ್ಥಿವೇತನವನ್ನು ಹುಡುಗಿಯೊಬ್ಬಳಿಗೆ ಕೊಟ್ಟಾಗ ಅದರ ಫಲ ಉಣ್ಣುವವರಲ್ಲಿ ಇಂಥ ಹೆಂಗಸರೂ ಇರುತ್ತಾರೆ.

ಕಾನೂನೂ ಈ ನಡುವೆ ಬದಲಾಗಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಪ್ರಕಾರ, ಪರಿಷತ್ತಿನಲ್ಲಿ ಹೆಸರು ನೋಂದಾಯಿಸದವರು ಈ ವೃತ್ತಿ ನಡೆಸುವಂತಿಲ್ಲ. ತಪ್ಪಿದರೆ ಒಂದು ವರ್ಷದವರೆಗೆ ಸಜೆ ಇಲ್ಲವೆ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನೋಂದಣಿಗೆ ಮಾನ್ಯತೆ ಪಡೆದ ಶಿಕ್ಷಣ ಬೇಕು. ಪದವಿಗಾದರೆ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಬಡಗಿಯ ಮಗನೋ ಮೀನುಗಾರರ ಮಗಳೋ ಕೈಚಳಕವೊಂದನ್ನೇ ನಂಬಿ ಈ ಕೆಲಸಕ್ಕೆ ಇಳಿಯುವ ದಾರಿ ಹೀಗೆ ಮುಚ್ಚಿದೆ. ರೋಗಿಯ ಹಿತದಿಂದ ನೋಡಿದರೆ ಇದು ಸರಿಯೇ. ಆದರೆ ದಾರಿ ಮುಚ್ಚಿದ ಮೇಲೆ ವಿದ್ಯಾರ್ಥಿವೇತನದ ಬಾಗಿಲು ಅಷ್ಟೇ ಅಗಲವಾಗಿ ತೆರೆಯಬೇಕಿತ್ತು. ಅದು ಆದಂತೆ ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಡದೇಶಗಳ ಜನಸಂಖ್ಯೆಯ ಸುಮಾರು ಶೇಕಡಾ 0.5ರಷ್ಟು ಮಂದಿಗೆ ಕೃತಕ ಅಂಗ ಇಲ್ಲವೆ ಆಧಾರಸಾಧನದ ಸೇವೆ ಬೇಕು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ. ಈ ಲೆಕ್ಕದಲ್ಲಿ ಜಿಲ್ಲೆಯೊಂದರಲ್ಲೇ 5,900ರ ಆಸುಪಾಸಿನ ಮಂದಿ ಆಗುತ್ತಾರೆ. ಅದೇ ಸಂಸ್ಥೆ 2017ರಲ್ಲಿ ಹೊರತಂದ ಮಾನದಂಡದ ಪ್ರಕಾರ ಹತ್ತು ಲಕ್ಷ ಜನರಿಗೆ 5ರಿಂದ 10 ಮಂದಿ ತರಬೇತಿ ಪಡೆದ ತಜ್ಞರು ಇರಬೇಕು. ಅಂದರೆ ಉಡುಪಿ ಜಿಲ್ಲೆಗೆ 6ರಿಂದ 12 ಮಂದಿ, ಕರ್ನಾಟಕಕ್ಕೆ 300ರಿಂದ 600. ಇದು ಮೂಳೆವೈದ್ಯರ ಲೆಕ್ಕವಲ್ಲ, ಅಚ್ಚು ತೆಗೆದು ಸಾಕೆಟ್ ಮಾಡಿ ನಡೆಸಿ ನೋಡುವವರ ಲೆಕ್ಕ. ಇಷ್ಟು ಮಂದಿಯನ್ನು ಓದಿಸಿದರೆ ಸಾಲದು, ಓದಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹುದ್ದೆ ಇರಬೇಕು. ಹುದ್ದೆ ಇಲ್ಲದೆ ಹೋದರೆ ಕಲಿತವರು ದೊಡ್ಡ ನಗರದ ಖಾಸಗಿ ಕ್ಲಿನಿಕ್ಕಿಗೋ ಕೊಲ್ಲಿ ದೇಶಕ್ಕೋ ಹೋಗುವುದನ್ನು ತಪ್ಪಿಸಲಾಗದು. ಗಲ್ಫಿಗೆ ಮಕ್ಕಳನ್ನು ಕಳಿಸಿ ರೂಢಿಯಿರುವ ಕರಾವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನ ಹಣದ ಕಾಲವಂತೂ ಬದಲಾಗಿದೆ. ದಶಕಗಳ ಕಾಲ ಈ ವಿದ್ಯೆಗೆ ವಿದ್ಯಾರ್ಥಿವೇತನ ಒದಗಿಸಿದ ಯು.ಎಸ್.ಏಡ್ 2025ರಲ್ಲಿ ತನ್ನ ಬಹುತೇಕ ಯೋಜನೆಗಳನ್ನು ನಿಲ್ಲಿಸಿತು. ಆ ವರ್ಷದ ಜುಲೈ 1ರಂದು ಅದರ ಉಳಿದ ಕೆಲಸ ಅಮೆರಿಕದ ವಿದೇಶಾಂಗ ಇಲಾಖೆಯ ಪಾಲಾಯಿತು.