ಬಕ್ಕಣದ ಚಾಕು, ತೆಲಂಗಾಣದ ಉಕ್ಕು



ನಿಮ್ಮ ಮನೆಯ ಹಳೆಯ ಟ್ರಂಕನ್ನು ಒಮ್ಮೆ ತೆಗೆದು ನೋಡಿ. ಅಜ್ಜನ ಕನ್ನಡಕ, ಹಿತ್ತಾಳೆಯ ಸುಣ್ಣದ ಡಬ್ಬಿ, ಅಡಕೊತ್ತು ಇವುಗಳ ನಡುವೆ ಒಂದು ಮಡಚುವ ಚಾಕು ಸಿಕ್ಕೀತು. ನಮ್ಮ ಮನೆಯಲ್ಲೂ ಒಂದಿದೆ. ಕೊಂಬಿನ ಹಿಡಿ, ಬೆರಳುದ್ದದ ಅಲಗು. ಮಸೆದು ಮಸೆದು ಅಲಗು ಅರ್ಧಕ್ಕರ್ಧ ಸವೆದಿದೆ. ರಾಯಚೂರು ಸೀಮೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದ ನಮ್ಮಜ್ಜ ಅದು ಬಕ್ಕಣದಲ್ಲಿಲ್ಲದೆ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಪೆನ್ಸಿಲ್ ಕೆತ್ತಲು, ಮಾವಿನಹಣ್ಣು ಹೆಚ್ಚಲು, ಗಂಟಿನ ದಾರ ಕೊಯ್ಯಲು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು, ಎಲ್ಲಕ್ಕೂ ಅದೇ.

ಇತ್ತೀಚೆಗೆ ಅದಕ್ಕೆ ಸಾಣೆ ಹಿಡಿಸೋಣವೆಂದು ಕಿಸೆಯಲ್ಲಿಟ್ಟುಕೊಂಡು ಹೊರಟೆ. ದಾರಿಯಲ್ಲಿ ಒಂದು ಕಡೆ ತಪಾಸಣೆಯ ಬಾಗಿಲು ದಾಟುವಾಗ ಯಂತ್ರ ಕೂಗಿತು. ಕಾವಲುಗಾರ ಚಾಕುವನ್ನು ಅತ್ತಿತ್ತ ತಿರುಗಿಸಿ ನೋಡಿ, "ಯೇ ಕಾಯ್ಕು ಸಾಬ್?" ಎಂದ. ಅವನ ದನಿಯಲ್ಲಿ ಸಂಶಯಕ್ಕಿಂತ ಅಚ್ಚರಿಯೇ ಹೆಚ್ಚಾಗಿತ್ತು. ಅದು ಏಕೆ ಬೇಕು? ನನಗೆ ಉತ್ತರ ಹೊಳೆಯಲಿಲ್ಲ. ಸುಮ್ಮನೆ ಮನೆಗೆ ಮರಳಿದೆ. ಆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಸಂಗತಿಗಳನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಬಕ್ಕಣದ ಚಾಕು ಮೊದಲಿಗೆ ಬರೆಯುವವರ ಸಲಕರಣೆ ಎಂದರೆ ನಂಬುತ್ತೀರಾ? ನಮ್ಮ ದೇಶದಲ್ಲಿ ತಾಳೆಗರಿಯ ಮೇಲೆ ಬರೆಯುವವನ ಬಳಿ ಕಬ್ಬಿಣದ ಕಂಟದ ಜೊತೆ ಗರಿ ಸವರಲು ಒಂದು ಚಾಕು ಇರಲೇಬೇಕಿತ್ತು. ಕಂಟ ಮತ್ತು ಚಾಕು ಒಂದೇ ಹಿಡಿಯೊಳಗೆ ಮಡಚಿಕೊಳ್ಳುವಂಥವೂ ಇದ್ದವು. ಇಂಗ್ಲಿಷಿನವರು ಪುಟ್ಟ ಚಾಕುವಿಗೆ 'ಪೆನ್ ನೈಫ್' ಎನ್ನುವುದೂ ಹಕ್ಕಿಯ ಗರಿಯನ್ನು ಲೇಖನಿಯಾಗಿ ಕೆತ್ತುತ್ತಿದ್ದ ಕಾರಣಕ್ಕೇ. ನಮ್ಮ ಹೈದರಾಬಾದಿನಲ್ಲಿ ಅದಕ್ಕೆ 'ಕಲಮ್‌ತರಾಶ್' ಎಂಬ ಚೆಂದದ ಹೆಸರಿತ್ತು. ಅಂದರೆ ಲೇಖನಿ ಕೆತ್ತುವುದು. ಬಿದಿರುಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಆ ತುದಿಯ ಅಗಲವೇ ಉರ್ದು ಅಕ್ಷರದ ಚುಕ್ಕೆಗೆ ಅಳತೆ, ಆ ಚುಕ್ಕೆಯೇ ಉಳಿದೆಲ್ಲ ಅಕ್ಷರಕ್ಕೆ ಅಳತೆ. ಕಡಿತ ಕೆಟ್ಟರೆ ಬರಹವೆಲ್ಲ ಕೆಟ್ಟಂತೆ. ಛತ್ತಾ ಬಜಾರಿನ ಬರಹಗಾರರ ಕೈಯಲ್ಲಿ ಈ ಕಸುಬು ಬಹುಕಾಲ ಉಳಿದಿತ್ತು. ಗಣಕಯಂತ್ರ ಬಂದ ಮೇಲೆ ಬರಹಗಾರರೂ ಕಡಿಮೆಯಾದರು, ಕಲಮ್‌ತರಾಶೂ ಮೂಲೆ ಸೇರಿತು.

ಇನ್ನು ಅಲಗಿನ ಮಾತು. ಇಲ್ಲಿ ನಾವು ಕನ್ನಡಿಗರು ಕಿವಿ ನಿಮಿರಿಸಬೇಕು. ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲಿ 'ವೂಟ್ಜ್' ಎಂಬ ಪದವಿದೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಓದಿದ ಪ್ರಬಂಧದಿಂದ ಅದು ಪ್ರಚಾರಕ್ಕೆ ಬಂತು. ಅದು ನಮ್ಮ 'ಉಕ್ಕು' ಪದವೇ ಬಾಯಿಂದ ಬಾಯಿಗೆ ಹೋಗಿ ತಿರುಚಿಕೊಂಡದ್ದು ಎಂದು ಬಹಳ ವಿದ್ವಾಂಸರ ಅಭಿಪ್ರಾಯ.

ಈ ಉಕ್ಕಿನ ಹೆಸರಾಂತ ನೆಲೆ ನಮ್ಮ ನಗರಕ್ಕೆ ದೂರವೇನಲ್ಲ. ಇಂದಿನ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿ. ಅಲ್ಲಿನ ಕಮ್ಮಾರರು ಎರಡು ಊರುಗಳ ಕಬ್ಬಿಣವನ್ನು ಹದವರಿತು ಬೆರೆಸಿ, ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ, ತಿದಿ ಊದಿ ಕಾಯಿಸಿ, ನಿಧಾನವಾಗಿ ಆರಿಸಿ ಗಟ್ಟಿ ತೆಗೆಯುತ್ತಿದ್ದರು. ದೇಶದ ಮೋಜಣಿಯಲ್ಲಿದ್ದ ವೈದ್ಯ, ಭೂವಿಜ್ಞಾನಿ ಹೆನ್ರಿ ವಾಯ್ಸಿ ಅದನ್ನು ಕಣ್ಣಾರೆ ಕಂಡು ಬರೆದ ವರದಿ, ಅವನು ತೀರಿಕೊಂಡ ಮೇಲೆ 1832ರಲ್ಲಿ ಅಚ್ಚಾಯಿತು. ಪರ್ಷಿಯಾದ ಇಸ್ಫಹಾನಿನಿಂದ ಬಂದ ವ್ಯಾಪಾರಿಯೊಬ್ಬ ಆ ಹಳ್ಳಿಯಲ್ಲೇ ಬೀಡುಬಿಟ್ಟು ಉಕ್ಕು ತೂಗಿಸಿಕೊಳ್ಳುತ್ತಿದ್ದನಂತೆ. ತಮ್ಮ ದೇಶದಲ್ಲಿ ಎಷ್ಟು ಪ್ರಯತ್ನಿಸಿದರೂ ಇಂಥ ಉಕ್ಕು ಮಾಡಲಾಗಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದ. ಹೆಸರುವಾಸಿಯಾದ 'ದಮಾಸ್ಕಸ್' ಕತ್ತಿಗಳ ಮೇಲಿನ ನೀರಲೆಯಂಥ ಚಿತ್ತಾರ ಹುಟ್ಟುತ್ತಿದ್ದುದು ಇಂಥ ಉಕ್ಕಿನಿಂದಲೇ. ಅತ್ತ ಲಂಡನ್ನಿನಲ್ಲಿ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಮತ್ತು ಕಮ್ಮಾರನ ಮಗನಾದ ವಿಜ್ಞಾನಿ ಮೈಕೆಲ್ ಫ್ಯಾರಡೆ ಇದರ ಗುಟ್ಟು ಹಿಡಿಯಲು 1820ರ ಆಸುಪಾಸಿನಲ್ಲಿ ಪ್ರಯೋಗಗಳನ್ನು ನಡೆಸಿದರು. ಗುಟ್ಟು ಪೂರ್ತಿ ಸಿಗಲಿಲ್ಲ.

ಆಮೇಲೆ ಏನಾಯಿತು? ಯಂತ್ರದಲ್ಲಿ ಮಾಡಿದ ಅಗ್ಗದ ವಿಲಾಯಿತಿ ಕಬ್ಬಿಣ ಬಂತು, ಇದ್ದಿಲಿಗೆ ಕಾಡು ಸಾಲದಾಯಿತು, ಕತ್ತಿಗೆ ಗಿರಾಕಿ ಇಲ್ಲವಾದ. ಕುಲುಮೆಗಳು ಆರಿದವು. ಅಪ್ಪ ಮಗನಿಗೆ ಕೈ ಹಿಡಿದು ಕಲಿಸುತ್ತಿದ್ದ ವಿದ್ಯೆ ಅದು. ಒಂದೆರಡು ತಲೆಮಾರು ಕಲಿಸುವುದು ನಿಂತದ್ದೇ ತಡ, ಜಗತ್ತಿನಿಂದಲೇ ಮಾಯವಾಯಿತು. ಅದನ್ನು ಮತ್ತೆ ಕಂಡುಕೊಳ್ಳಲು ಅಮೆರಿಕದಲ್ಲಿ ಜಾನ್ ವರ್ಹೋವನ್ ಎಂಬ ಲೋಹಶಾಸ್ತ್ರದ ಪ್ರಾಧ್ಯಾಪಕರು ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರನ ಜೊತೆ ವರ್ಷಗಟ್ಟಲೆ ದುಡಿಯಬೇಕಾಯಿತು. ಅದಿರಿನಲ್ಲಿ ಬೆರೆತಿದ್ದ ವನೇಡಿಯಂನಂಥ ಧಾತುಗಳ ಅತಿ ಸಣ್ಣ ಅಂಶವೇ ಆ ಚಿತ್ತಾರಕ್ಕೆ ಕಾರಣವೆಂದು ಅವರು 1998ರಲ್ಲಿ ಪ್ರಕಟಿಸಿದರು. ಕೋನಸಮುದ್ರದ ಕಮ್ಮಾರನಿಗೆ ಆ ಧಾತುವಿನ ಹೆಸರು ಗೊತ್ತಿರಲಿಲ್ಲ. ಆದರೆ ಯಾವ ಊರಿನ ಕಬ್ಬಿಣ ಬೇಕೆಂಬುದು ಗೊತ್ತಿತ್ತು.

ಚಾಕು ಎಂದರೆ ಇಂದು ಮೊದಲು ನೆನಪಾಗುವುದು ಜಗಳ, ಪೊಲೀಸು. ಹಿಂದೆ ಹಾಗಿರಲಿಲ್ಲ. ಕೊಡವರು ಇಂದಿಗೂ ಮದುವೆ, ಹಬ್ಬಗಳಲ್ಲಿ ಸೊಂಟಕ್ಕೆ ಬೆಳ್ಳಿಯ ಪೀಚೆಕತ್ತಿ ಸಿಕ್ಕಿಸುತ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡನ್ನು ಒಡಿಕತ್ತಿಯಿಂದ ಎಲ್ಲರೆದುರು ಕಡಿಯುವ ಪದ್ಧತಿಯೂ ಇದೆ. ನಮ್ಮ ನಗರದ ಬಾರ್ಕಸ್ಸಿನ ಅರಬ್ಬರ ಹಿರಿಯರು ನಿಜಾಮರ ಸೈನ್ಯದಲ್ಲಿದ್ದಾಗ ಸೊಂಟದಲ್ಲಿ ಬಾಗಿದ ಜಂಬಿಯಾ ಧರಿಸುತ್ತಿದ್ದರು. ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದರೆ ಜಹಾಂಗೀರನ ಕಠಾರಿಯ ಜೊತೆ ನೂರ್‌ಜಹಾನಳದೆನ್ನುವ ರತ್ನ ಕೂರಿಸಿದ ಚಾಕುವನ್ನೂ ತಪ್ಪದೆ ನೋಡಿ. ಅದು ಹಣ್ಣು ಹೆಚ್ಚುವ ಚಾಕು!

ಹಾಗೆಂದು ಎಲ್ಲರೂ ಕಿಸೆಯಲ್ಲಿ ಚಾಕು ಇಟ್ಟುಕೊಂಡು ತಿರುಗಿ ಎಂದು ನಾನು ಹೇಳುತ್ತಿಲ್ಲ. 1959ರ ಆಯುಧ ಕಾಯ್ದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ. ಮನೆಗೆಲಸದ, ಬೇಸಾಯದ ಕತ್ತಿಗಳಿಗೆ ವಿನಾಯಿತಿ ಇದೆ. ಅಜ್ಜನ ಚಾಕು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೂ ಜನ ಕಿಕ್ಕಿರಿಯುವ ಕಡೆ ತಪಾಸಣೆ ಇರಬೇಕಾದದ್ದೇ. ಕಾವಲುಗಾರನ ಮೇಲೆ ನನಗೆ ಮುನಿಸಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಮನೆಗೆ ಬಂದು ಚಾಕುವನ್ನು ನಾನೇ ಮಸೆಯಲು ಕುಳಿತೆ. ಅಜ್ಜ ಕಲ್ಲಿಗೆ ನೀರು ಚಿಮುಕಿಸಿ, ಅಲಗನ್ನು ತುಸು ಓರೆ ಹಿಡಿದು, ಒಂದೇ ಸಮನೆ ಎಳೆಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಸದ್ದು ಕೂಡ ನೆನಪಿದೆ. ಆದರೆ ಎಷ್ಟು ಓರೆ ಎಂಬುದು ನನ್ನ ಕೈಗೆ ಗೊತ್ತಿಲ್ಲ. ಅರ್ಧ ಗಂಟೆ ಉಜ್ಜಿದರೂ ಟೊಮೆಟೊ ಸಿಪ್ಪೆಯೂ ಕೊಯ್ಯಲಿಲ್ಲ. ಅಜ್ಜ ಇದ್ದಾಗ ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ನೋಡಿ, ಕೋನಸಮುದ್ರದಲ್ಲಿ ನಡೆದದ್ದೇ ನಮ್ಮ ಮನೆಯಲ್ಲೂ ನಡೆದಿದೆ.

ಕೊನೆಗೆ ನಮ್ಮ ಬೀದಿಗೆ ಸೈಕಲ್ಲಿನ ಮೇಲೆ ಬರುವ ಸಾಣೆಯವನನ್ನು ನಿಲ್ಲಿಸಿ, ಹಣ ಕೊಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಕಲಿತೆ. ಮಗಳನ್ನೂ ಕೂರಿಸಿಕೊಂಡಿದ್ದೆ. ಅವಳೀಗ ಪೆನ್ಸಿಲನ್ನು ಆ ಚಾಕುವಿನಿಂದಲೇ ಕೆತ್ತುತ್ತಾಳೆ, ನಾನು ಎದುರಿಗೆ ಕುಳಿತಿದ್ದರೆ ಮಾತ್ರ.

ನಿಮ್ಮ ಮನೆಯಲ್ಲಿ ಅಡಕೊತ್ತು ಹಿಡಿಯಬಲ್ಲ ಅಜ್ಜಿಯೋ, ಈಳಿಗೆಮಣೆಗೆ ತಾನೇ ಹರಿತ ಹಾಕಬಲ್ಲ ದೊಡ್ಡಮ್ಮನೋ ಇದ್ದಾರೆಯೇ? ಹಾಗಿದ್ದರೆ ಈ ಭಾನುವಾರ ಅವರ ಪಕ್ಕ ಒಂದು ಮಣೆ ಹಾಕಿಕೊಂಡು ಕುಳಿತುಬಿಡಿ.