ಗಲ್ಫಿಗೆ ತೆರಳಿದವರ ಮೊದಲ ಚಾಲನಾ ಪರವಾನಗಿ: ದುಬೈಯ ಕ್ರಮ, ಊರಿನಲ್ಲೇ ಮಾಡಬೇಕಾದ ಸಿದ್ಧತೆ

ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ಅನೇಕರು ಉದ್ಯೋಗಕ್ಕಾಗಿ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹೋಗುತ್ತಾರೆ. ಊರಿನಲ್ಲಿ ವರ್ಷಗಟ್ಟಲೆ ಕಾರು, ಪಿಕಪ್ ಓಡಿಸಿದವರೂ ಅಲ್ಲಿ ಪುನಃ ವಿದ್ಯಾರ್ಥಿಗಳಾಗಬೇಕಾಗುತ್ತದೆ. ಭಾರತದ ಪರವಾನಗಿಯನ್ನು ತೋರಿಸಿ ಅಲ್ಲಿನ ಪರವಾನಗಿಯನ್ನು ನೇರವಾಗಿ ಪಡೆಯುವ ಸೌಲಭ್ಯ ನಮಗಿಲ್ಲ. ಬ್ರಿಟನ್, ಅಮೆರಿಕ, ಜಪಾನ್, ಐರೋಪ್ಯ ರಾಷ್ಟ್ರಗಳಲ್ಲಿ ಹೆಚ್ಚಿನವು ಹಾಗೂ ನೆರೆಯ ಗಲ್ಫ್ ರಾಷ್ಟ್ರಗಳ ಪರವಾನಗಿಗಳಿಗೆ ಆ ವಿನಾಯಿತಿ ಇದೆ. ಭಾರತೀಯರು ತರಗತಿ, ಪರೀಕ್ಷೆಗಳ ಮಾರ್ಗವನ್ನೇ ಹಿಡಿಯಬೇಕು. ಈ ಮಾರ್ಗದ ವಿವರಗಳನ್ನು, ಅದರಲ್ಲಿಯೂ ಮನೆಯವರು ಮುಂಚಿತವಾಗಿ ತಿಳಿದಿರಬೇಕಾದ ಅಂಶಗಳನ್ನು, ಇಲ್ಲಿ ಒಟ್ಟುಗೂಡಿಸಿದ್ದೇವೆ. ಪ್ರತಿ ಎಮಿರೇಟಿನ ಕ್ರಮದಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುವುದರಿಂದ ದುಬೈಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಒಂದು ಎಮಿರೇಟಿನಲ್ಲಿ ಪಡೆದ ಪರವಾನಗಿ ಏಳೂ ಎಮಿರೇಟುಗಳಲ್ಲಿ ಸಲ್ಲುತ್ತದೆ.

ಸಂದರ್ಶಕ ಬೇರೆ, ನಿವಾಸಿ ಬೇರೆ

ನಮ್ಮವರಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಅಂತಾರಾಷ್ಟ್ರೀಯ ಚಾಲನಾ ಅನುಮತಿ ಪತ್ರ. ಊರಿನ ಸಾರಿಗೆ ಕಚೇರಿಯಿಂದ ಒಂದು ವರ್ಷದ ಅವಧಿಗೆ ದೊರೆಯುವ ಈ ಪತ್ರ, ಸಂದರ್ಶಕ ವೀಸಾದಲ್ಲಿ ಹೋದವರಿಗೆ ಬಾಡಿಗೆ ಕಾರು ಓಡಿಸಲು ನೆರವಾಗುತ್ತದೆ. ನಿವಾಸ ವೀಸಾ ದೊರೆತ ಬಳಿಕ ಅದರ ಉಪಯೋಗ ಮುಗಿಯಿತು. ಪತ್ರದಲ್ಲಿ ಇನ್ನೂ ಎಂಟು ತಿಂಗಳ ಅವಧಿ ಉಳಿದಿದೆ ಎಂಬ ಸಮರ್ಥನೆ ಅಲ್ಲಿ ನಡೆಯದು. ನಿವಾಸಿಯು ಸ್ಥಳೀಯ ಪರವಾನಗಿಯನ್ನೇ ಹೊಂದಿರಬೇಕು.

ಇದನ್ನು ಹಗುರವಾಗಿ ಪರಿಗಣಿಸಬಾರದು. 2025ರ ಮಾರ್ಚ್ 29ರಿಂದ ಜಾರಿಯಲ್ಲಿರುವ ಹೊಸ ಸಂಚಾರ ಕಾನೂನಿನ ಪ್ರಕಾರ, ಆ ದೇಶದಲ್ಲಿ ಮಾನ್ಯವಲ್ಲದ ವಿದೇಶೀ ಪರವಾನಗಿಯಿಂದ ವಾಹನ ಓಡಿಸಿದರೆ ಮೊದಲ ಸಲಕ್ಕೆ 2,000ದಿಂದ 10,000 ದಿರ್ಹಮ್‌ವರೆಗೆ ದಂಡವಿದೆ. ಮರುಕಳಿಸಿದರೆ ದಂಡ ಏರುವುದಲ್ಲದೆ ಸೆರೆವಾಸವೂ ಆಗಬಹುದು. ಅಪಘಾತವಾದರಂತೂ ವಿಮೆಯ ಆಸರೆಯೂ ಇಲ್ಲದೆ, ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಸಾಲದ ಹೊರೆ ಬೀಳುತ್ತದೆ. "ಅಂಗಡಿಯವರೆಗೆ ಮಾತ್ರ ಓಡಿಸು" ಎಂದು ಯಜಮಾನರೇ ಕೀಲಿಕೈ ಕೊಟ್ಟರೂ ನಿರಾಕರಿಸಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ದಂಡ ಬೀಳುವುದು ಚಕ್ರ ಹಿಡಿದವನ ಮೇಲೆ.

ಇದೇ ಕಾನೂನು ಪರವಾನಗಿಯ ಕನಿಷ್ಠ ವಯಸ್ಸನ್ನು 18ರಿಂದ 17ಕ್ಕೆ ಇಳಿಸಿದೆ. ಅಲ್ಲಿಯೇ ಬೆಳೆದ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಭಾರತದಲ್ಲಿ ಕಾರಿನ ಪರವಾನಗಿಗೆ 18 ವರ್ಷ ತುಂಬಲೇಬೇಕು.

ಊರಿನ ಪರವಾನಗಿ ವ್ಯರ್ಥವಲ್ಲ

ನೇರ ವಿನಿಮಯ ಇಲ್ಲವೆಂದ ಮೇಲೆ ಊರಿನಲ್ಲಿ ಪರವಾನಗಿ ಮಾಡಿಸುವುದೇಕೆ ಎಂದು ಕೆಲವು ತಂದೆತಾಯಂದಿರು ಕೇಳುವುದುಂಟು. ಉತ್ತರ ತರಗತಿಯ ಲೆಕ್ಕದಲ್ಲಿದೆ. ದುಬೈಯಲ್ಲಿ ಹೊಸಬರಿಗೆ 20 ಗಂಟೆಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. ತಾಯ್ನಾಡಿನ ಪರವಾನಗಿಗೆ ಎರಡರಿಂದ ಐದು ವರ್ಷ ಆಗಿದ್ದರೆ 15 ಗಂಟೆ, ಐದು ವರ್ಷ ಮೀರಿದ್ದರೆ 10 ಗಂಟೆ ಸಾಕು. ಹದಿನೆಂಟಕ್ಕೆ ಪರವಾನಗಿ ಪಡೆದು ಇಪ್ಪತ್ತಮೂರು ದಾಟಿದ ಮೇಲೆ ವಿಮಾನ ಹತ್ತುವವನಿಗೆ ಅರ್ಧ ತರಗತಿ ಉಳಿಯುತ್ತದೆ. ಹೊರಡುವ ಹಿಂದಿನ ತಿಂಗಳು ಆತುರದಿಂದ ಮಾಡಿಸಿದವನಿಗೆ ಒಂದು ಗಂಟೆಯೂ ಕಡಿಮೆಯಾಗದು. ಕಡತ ತೆರೆಯುವುದರಿಂದ ಪರವಾನಗಿ ಕೈಗೆ ಬರುವವರೆಗಿನ ಒಟ್ಟು ವೆಚ್ಚ ಹೊಸಬರಿಗೆ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ದಿರ್ಹಮ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಲಕ್ಷ ರೂಪಾಯಿ ದಾಟುವ ಮೊತ್ತ. ಆರಂಭದ ಸಂಬಳದಲ್ಲಿ ಇದನ್ನು ಹೊಂದಿಸುವುದು ಸುಲಭವಲ್ಲ. ಊರಿಗೆ ಕಳುಹಿಸುವ ಹಣದಲ್ಲಿ ಮೂರು ನಾಲ್ಕು ತಿಂಗಳು ಕೊರತೆ ಬಿದ್ದರೆ ಮನೆಯವರು ಅರ್ಥಮಾಡಿಕೊಳ್ಳಬೇಕು.

ಆದುದರಿಂದ ಪ್ಲಸ್ ಟು ಮುಗಿಸಿದ ಮಗನಿಗೋ ಮಗಳಿಗೋ ಪರವಾನಗಿ ಮಾಡಿಸುವಾಗ ದ್ವಿಚಕ್ರ ವಾಹನಕ್ಕೆ ಮಾತ್ರ ನಿಲ್ಲಿಸದೆ ಲಘು ವಾಹನದ ವರ್ಗವನ್ನೂ ಸೇರಿಸಿಕೊಳ್ಳುವುದು ಲೇಸು. ಕಲಿಕಾ ಪರವಾನಗಿ ಆರು ತಿಂಗಳು ಸಲ್ಲುತ್ತದೆ. ಮೂವತ್ತು ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಇನ್ನೊಂದು ಮಾತು ಹೆಸರಿನ ಕುರಿತು. ನಮ್ಮ ಕಡೆ ಶಾಲಾ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತೃತ ರೂಪ, ಪರವಾನಗಿಯಲ್ಲಿ ಮನೆಹೆಸರು ಎಂದು ಒಬ್ಬನೇ ವ್ಯಕ್ತಿ ಮೂರು ಹೆಸರಿನಲ್ಲಿ ಬದುಕುತ್ತಾನೆ. ಮಲಯಾಳದಿಂದ ಇಂಗ್ಲಿಷಿಗೆ, ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ ಕಾಗುಣಿತವೂ ಬದಲಾಗುತ್ತದೆ. ಪಾಸ್‌ಪೋರ್ಟಿನ ಹೆಸರಿಗೂ ಪರವಾನಗಿಯ ಹೆಸರಿಗೂ ಹೊಂದಿಕೆ ಇರುವಂತೆ ಸಾರಥಿ ಜಾಲತಾಣದ ಮೂಲಕ ಇಲ್ಲಿಯೇ ತಿದ್ದಿಸಿಕೊಂಡರೆ, ಅಲ್ಲಿ ಹಳೆಯ ಅನುಭವವನ್ನು ರುಜುವಾತುಪಡಿಸುವಾಗ ತೊಡಕಾಗದು.

ತರಗತಿ, ಬರಹದ ಪರೀಕ್ಷೆ, ಭಾಷೆ

ಎಮಿರೇಟ್ಸ್ ಗುರುತುಚೀಟಿ ದೊರೆತ ಬಳಿಕ ಅಂಗೀಕೃತ ಕನ್ನಡಕದಂಗಡಿಯಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಿ, ಚಾಲನಾ ಶಾಲೆಯೊಂದರಲ್ಲಿ ಕಡತ ತೆರೆಯಬೇಕು. ದುಬೈಯಲ್ಲಿ ಎಲ್ಲವೂ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರದ, ಅಂದರೆ ಆರ್‌ಟಿಎಯ, ಅಧೀನದಲ್ಲಿ ನಡೆಯುತ್ತದೆ. ಎಂಟು ಗಂಟೆಗಳ ಪಾಠ, ಆಮೇಲೆ ಗಣಕಯಂತ್ರದ ಪರದೆಯ ಮೇಲೆ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ.

ಕನ್ನಡ ಮಾಧ್ಯಮದ ಕುಟುಂಬಗಳಿಗೆ ಮುಖ್ಯವಾದ ವಿಷಯ ಇಲ್ಲಿದೆ. ಅರಬಿ, ಇಂಗ್ಲಿಷ್, ಉರ್ದು ಭಾಷೆಗಳಲ್ಲದೆ ಹಿಂದಿ, ಮಲಯಾಳ, ತಮಿಳು, ಬಂಗಾಳಿ ಮುಂತಾದವುಗಳಲ್ಲಿಯೂ ಈ ಪರೀಕ್ಷೆ ಬರೆಯಲು ಅವಕಾಶವಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಭಾಷೆಯ ಆಯ್ಕೆಯನ್ನು ಯೋಚಿಸಿ ಮಾಡಬೇಕು. ಗಡಿನಾಡಿನ ನಮ್ಮ ಹುಡುಗರಲ್ಲಿ ಅನೇಕರಿಗೆ ಮಲಯಾಳ ಕಿವಿಗೆ ಸರಾಗ, ಕಣ್ಣಿಗೆ ಕಷ್ಟ. ಬಸ್ಸಿನಲ್ಲಿ, ಪೇಟೆಯಲ್ಲಿ ನಿರರ್ಗಳವಾಗಿ ಮಾತನಾಡುವವರೂ ಮುದ್ರಿತ ಮಲಯಾಳದ ಎರಡು ಸಾಲಿನ ವಾಕ್ಯದಲ್ಲಿ ತಡವರಿಸುತ್ತಾರೆ. ಹೆಡ್‌ಫೋನಿನಲ್ಲಿ ಪ್ರಶ್ನೆಯನ್ನು ಕೇಳಿ ಉತ್ತರಿಸುವ ವ್ಯವಸ್ಥೆ ಇರುವುದರಿಂದ ಅಂಥವರಿಗೆ ಮಲಯಾಳ ಅನುಕೂಲವಾಗಬಹುದು. ಆದರೆ ಅಲ್ಲಿಯೂ ರಸ್ತೆಯ ಪಾರಿಭಾಷಿಕ ಪದಗಳು ಆಡುಮಾತಿನವಲ್ಲ. ಎಸ್‌ಎಸ್‌ಎಲ್‌ಸಿವರೆಗೆ ಹಿಂದಿ ಓದಿದವರು ಹಿಂದಿಯನ್ನು ಆರಿಸಿಕೊಳ್ಳುವುದೂ ಇದೆ. ಸ್ವಲ್ಪ ಶ್ರಮಪಟ್ಟರೆ ಇಂಗ್ಲಿಷೇ ಒಳ್ಳೆಯದೆಂದು ನಮ್ಮ ಅನಿಸಿಕೆ. ಏಕೆಂದರೆ ರಸ್ತೆಯ ಫಲಕಗಳು ಅರಬಿ ಮತ್ತು ಇಂಗ್ಲಿಷಿನಲ್ಲಿರುತ್ತವೆ. ರಸ್ತೆ ಪರೀಕ್ಷೆಯಲ್ಲಿ ಪರೀಕ್ಷಕರ ಸೂಚನೆಗಳೂ ಅದೇ ಪದಗಳಲ್ಲಿ ಬರುತ್ತವೆ.

ಬೇಕಾದ ಪದಗಳು ಬಹಳವಿಲ್ಲ. ಗಿವ್ ವೇ ಎಂದರೆ ಎದುರಿನವರಿಗೆ ದಾರಿ ಬಿಟ್ಟುಕೊಡುವುದು. ಸ್ಟಾಪ್ ಫಲಕವಿದ್ದಲ್ಲಿ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಇವೆರಡರ ಅಂತರ ತಿಳಿಯದೆ ಸೋಲುವವರು ಅನೇಕರು. ಹಾರ್ಡ್ ಶೋಲ್ಡರ್ ಎಂದರೆ ಹೆದ್ದಾರಿಯ ಅಂಚಿನ ತುರ್ತು ಪಥ. ಅಲ್ಲಿಂದ ಮುಂದಕ್ಕೆ ನುಗ್ಗುವುದು ಅಪರಾಧ. ಬ್ಲೈಂಡ್ ಸ್ಪಾಟ್ ಎಂದರೆ ಕನ್ನಡಿಗೆ ನಿಲುಕದ ಮೂಲೆ, ಕತ್ತು ತಿರುಗಿಸಿಯೇ ನೋಡಬೇಕಾದದ್ದು. ಟೇಲ್‌ಗೇಟಿಂಗ್ ಎಂದರೆ ಮುಂದಿನ ವಾಹನಕ್ಕೆ ತಾಗುವಷ್ಟು ಹತ್ತಿರ ಬೆನ್ನುಹತ್ತುವುದು. ನಮ್ಮ ಭಾಷೆಯಲ್ಲಿ ಅರ್ಥವನ್ನು ಮನವರಿಕೆ ಮಾಡಿಕೊಂಡು ಇಂಗ್ಲಿಷ್ ಹೆಸರನ್ನು ನೆನಪಿಟ್ಟುಕೊಂಡರೆ, ಬಾಯಿಪಾಠಕ್ಕಿಂತ ಅದು ಹೆಚ್ಚು ಕಾಲ ನಿಲ್ಲುತ್ತದೆ. ಮನೆಯಲ್ಲಿ ಅಕ್ಕನೋ ಅಣ್ಣನೋ ಕುಳಿತು ಒಂದು ನೋಟುಪುಸ್ತಕದಲ್ಲಿ ಇಂತಹ ಐವತ್ತು ಪದಗಳನ್ನು ಕನ್ನಡ ಅರ್ಥಸಹಿತ ಬರೆದುಕೊಡಬಹುದು.

ಅಂಗಳ ಮತ್ತು ರಸ್ತೆ

ಮೊದಲ ಪ್ರಾಯೋಗಿಕ ಪರೀಕ್ಷೆ ಶಾಲೆಯ ಅಂಗಳದಲ್ಲೇ ನಡೆಯುತ್ತದೆ. ರಸ್ತೆಯಂಚಿಗೆ ಸಮಾನಾಂತರವಾಗಿ ನಿಲ್ಲಿಸುವುದು, ಓರೆಯಾಗಿ ನಿಲ್ಲಿಸುವುದು, ಗ್ಯಾರೇಜಿನೊಳಕ್ಕೆ ಹಿಮ್ಮುಖವಾಗಿ ಸೇರಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಡುವುದು, ತುರ್ತು ಬ್ರೇಕ್ ಹಾಕುವುದು, ಹೀಗೆ ಐದು ಕಸರತ್ತುಗಳು. ಊರಿನಲ್ಲಿ ಎಚ್ ಅಕ್ಷರದ ಪರೀಕ್ಷೆ ಮುಗಿಸಿದವರಿಗೆ ಇದು ತೀರಾ ಅಪರಿಚಿತವಲ್ಲ.

ನಿಜವಾದ ಕಷ್ಟ ರಸ್ತೆಯಲ್ಲಿ. ಅಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುತ್ತವೆ, ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ. ಹಿಂದಿಕ್ಕುವುದು ಎಡಪಥದಿಂದ. ವೃತ್ತದಲ್ಲಿ ನಾವು ಇಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿದರೆ ಅಲ್ಲಿ ಅದಕ್ಕೆ ವಿರುದ್ಧ. ಎಡದಿಂದ ಬರುವವರಿಗೆ, ಅಂದರೆ ಆಗಲೇ ವೃತ್ತದೊಳಗೆ ಇರುವವರಿಗೆ, ಮೊದಲ ಹಕ್ಕು. ನಮ್ಮ ಪೇಟೆಗಳಲ್ಲಿ ಧೈರ್ಯ ಹೆಚ್ಚಿದ್ದವನಿಗೆ ಮೊದಲ ಹಕ್ಕೆಂಬ ಅಲಿಖಿತ ನಿಯಮವನ್ನು ಅಲ್ಲಿಗೆ ಒಯ್ಯಬಾರದು. ನಮ್ಮ ಅನುಭವಿಗಳು ಸೋಲುವುದು ಬಹುಮಟ್ಟಿಗೆ ಕೌಶಲದ ಕೊರತೆಯಿಂದಲ್ಲ, ರೂಢಿಯಿಂದ: ಪಥ ಬದಲಿಸುವಾಗ ಕನ್ನಡಿ ನೋಡದಿರುವುದು, ಭುಜದಾಚೆ ತಿರುಗಿ ನೋಡದಿರುವುದು, ಎರಡು ಪಥಗಳ ಗೆರೆಯ ಮೇಲೆಯೇ ಸಾಗುವುದು, ಹಾರ್ನನ್ನು ನೆಚ್ಚಿಕೊಳ್ಳುವುದು. ಕಣ್ಣನ್ನಷ್ಟೇ ಹೊರಳಿಸಿ ಕನ್ನಡಿ ನೋಡಿದರೆ ಪರೀಕ್ಷಕರಿಗೆ ತಿಳಿಯುವುದಿಲ್ಲ, ತಲೆ ತಿರುಗಬೇಕು. ಅತಿವೇಗದಂತೆಯೇ, ಅನಾವಶ್ಯಕವಾಗಿ ನಿಧಾನವಾಗಿ ಸಾಗಿ ಹಿಂದಿನವರನ್ನು ತಡೆಯುವುದೂ ದೋಷ. ಪ್ರತಿ ಸೋಲಿನ ನಂತರ ಹೆಚ್ಚುವರಿ ತರಗತಿ, ಪುನಃ ಶುಲ್ಕ, ಪುನಃ ದಿನಾಂಕಕ್ಕಾಗಿ ಕಾಯುವುದು. ಹಣಕ್ಕಿಂತ ರಜೆ ಹೊಂದಿಸುವುದೇ ಅನೇಕರಿಗೆ ಕಷ್ಟ.

ಅನುಭವಿಗಳಿಗೆ ದುಬೈ 2023ರಲ್ಲಿ 'ಗೋಲ್ಡನ್ ಚಾನ್ಸ್' ಎಂಬ ಅವಕಾಶವನ್ನು ತೆರೆಯಿತು. ವಿನಾಯಿತಿ ಇಲ್ಲದ ದೇಶಗಳ ಪರವಾನಗಿ ಉಳ್ಳವರು ತರಗತಿಗಳಿಲ್ಲದೆ ನೇರವಾಗಿ ಪರೀಕ್ಷೆ ಎದುರಿಸಬಹುದು. ಅವಕಾಶ ಒಂದೇ ಬಾರಿ. ಸೋತರೆ ಸಾಮಾನ್ಯ ಮಾರ್ಗವೇ ಗತಿ. ವಿಮಾನದಿಂದ ಇಳಿದ ವಾರದಲ್ಲೇ ಇದನ್ನು ಬಳಸಿಬಿಡುವುದು ಜಾಣತನವಲ್ಲ. ಕೆಲವು ವಾರ ಪರವಾನಗಿಯುಳ್ಳ ಬಂಧುವಿನ ಪಕ್ಕದಲ್ಲಿ ಕುಳಿತು ಪಥ, ವೃತ್ತ, ಫಲಕಗಳನ್ನು ಗಮನಿಸಿ, ಬಲಬದಿಯ ಸಂಚಾರ ಕಣ್ಣಿಗೆ ಒಗ್ಗಿದ ಮೇಲೆ ಪ್ರಯತ್ನಿಸಬೇಕು.

ಆಟೊಮ್ಯಾಟಿಕ್ ವಾಹನದಲ್ಲಿ ಕಲಿತವರಿಗೆ ಅದಕ್ಕೆ ಸೀಮಿತವಾದ ಪರವಾನಗಿ ಸಿಗುತ್ತದೆ. ಗೇರಿನ ವಾಹನದಲ್ಲಿ ಕಲಿತವರು ಎರಡನ್ನೂ ಓಡಿಸಬಹುದು. ಸ್ವಂತ ಕಾರಿಗೆ ಮೊದಲನೆಯದು ಸಾಕು. ಚಾಲಕನ ಕೆಲಸವನ್ನೇ ಅರಸುವವರು ಎರಡನೆಯದನ್ನು ಆರಿಸಬೇಕು. ಮಹಿಳೆಯರು ಮಹಿಳಾ ಶಿಕ್ಷಕಿಯನ್ನು ಕೇಳಿ ಪಡೆಯಬಹುದು.

ಪರವಾನಗಿ ಬಂದ ಮೇಲೆ

ವಿದೇಶೀ ನಿವಾಸಿಗೆ ಮೊದಲ ಪರವಾನಗಿ ಎರಡು ವರ್ಷದ್ದು, ನವೀಕರಿಸಿದಾಗ ಐದು ವರ್ಷದ್ದು. ತಪ್ಪುಗಳಿಗೆ ದಂಡದ ಜೊತೆಗೆ ಕಪ್ಪು ಅಂಕಗಳೂ ಇವೆ. 24 ತುಂಬಿದರೆ ಪರವಾನಗಿ ಅಮಾನತು. ಚಾಲನೆಯ ವೇಳೆ ಕೈಯಲ್ಲಿ ಫೋನ್ ಹಿಡಿದರೆ 800 ದಿರ್ಹಮ್ ಮತ್ತು 4 ಅಂಕ. ಕೆಂಪು ದೀಪ ದಾಟಿದರೆ 1,000 ದಿರ್ಹಮ್, 12 ಅಂಕ, ವಾಹನ ಮುಟ್ಟುಗೋಲು. ದುಬೈಯಲ್ಲಿ ಹಾಗೆ ಮುಟ್ಟುಗೋಲಾದ ವಾಹನ ಬಿಡಿಸಿಕೊಳ್ಳಲು 2023ರ ಆದೇಶದಂತೆ 50,000 ದಿರ್ಹಮ್ ತೆರಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಆಸನ ಕಡ್ಡಾಯ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ಪದ್ಧತಿಗೆ ಅಲ್ಲಿ 400 ದಿರ್ಹಮ್ ದಂಡ, 4 ಅಂಕ. ಹತ್ತು ವರ್ಷದೊಳಗಿನವರನ್ನು ಮುಂದಿನ ಆಸನದಲ್ಲಿ ಕೂರಿಸುವಂತಿಲ್ಲ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಅಜ್ಜ ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಡುವುದು ಒಳಿತು.

ದುಬೈಯ ರಸ್ತೆಗಳಲ್ಲಿ ಫಲಕದ ಮಿತಿಗಿಂತ ಗಂಟೆಗೆ 20 ಕಿಲೋಮೀಟರ್ ಹೆಚ್ಚಿನವರೆಗೆ ಕ್ಯಾಮೆರಾ ಸುಮ್ಮನಿರುತ್ತದೆ. ಅಬುಧಾಬಿ ಈ ರಿಯಾಯಿತಿಯನ್ನು 2018ರ ಆಗಸ್ಟಿನಲ್ಲೇ ತೆಗೆದುಹಾಕಿತು. ದುಬೈಯಲ್ಲಿ ಕಲಿತು ಅಬುಧಾಬಿಗೆ ಹೋಗುವವರು ಫಲಕದಲ್ಲಿ ಬರೆದ ಸಂಖ್ಯೆಯನ್ನೇ ನಂಬಬೇಕು.

ಅಲ್ಲಿನ ಪರವಾನಗಿ ಕೈಗೆ ಬಂದೊಡನೆ ಊರಿನದನ್ನು ಮರೆಯುವವರು ಬಹಳ. ಮೂವತ್ತರೊಳಗೆ ಪಡೆದ ಭಾರತೀಯ ಪರವಾನಗಿ ನಲ್ವತ್ತು ವಯಸ್ಸಿನವರೆಗೆ ಸಲ್ಲುತ್ತದೆ. 2019ರ ತಿದ್ದುಪಡಿಯ ಪ್ರಕಾರ, ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದರೆ ಪರೀಕ್ಷೆಯಿಲ್ಲದೆ ನವೀಕರಣವಾಗುತ್ತದೆ. ತಡವಾದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಕಾರ್ಡು ಸಾಮಾನ್ಯವಾಗಿ ಊರಿನ ಕಪಾಟಿನಲ್ಲೇ ಇರುವುದರಿಂದ, ಮುಕ್ತಾಯದ ದಿನಾಂಕವನ್ನು ಮನೆಯವರು ನೋಡಿ ತಿಳಿಸಿದರೆ, ಅವರು ಆ ಎರಡು ವರ್ಷದೊಳಗಿನ ಒಂದು ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.