ಬಿಸಿಲ ನಾಡಿನಲ್ಲಿ ಗಣಕದ ಕಾವು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳೆಂದರೆ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ಸಿನ ಆಚೀಚೆ ಸುಳಿದಾಡುವ ಕಾಲ. ಇಲ್ಲಿಯ ರೈತ ನಸುಕಿನಲ್ಲೇ ಗಳೆ ಹೂಡಿ, ಹೊತ್ತು ನೆತ್ತಿಗೆ ಬರುವ ಮೊದಲೇ ಎತ್ತುಗಳ ನೊಗ ಇಳಿಸುತ್ತಾನೆ. ಕಾವು ಏರಿದಾಗ ದುಡಿಮೆ ತಗ್ಗಿಸಬೇಕೆಂಬ ವಿವೇಕ ಮನುಷ್ಯನಿಗೆ ಬಹಳ ಹಳೆಯದು. ಕಂಪ್ಯೂಟರಿಗೆ ಅದನ್ನು ಕಲಿಸಲು ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ಮಾತು ಈಗ ಪ್ರಸ್ತುತವಾಗಲು ಕಾರಣವಿದೆ. 2020ರ ಆರಂಭದಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿತು. ಅದರ ಬೆನ್ನಿಗೇ ಕೊರೊನಾ ಬಂದು, ಬೇಸಿಗೆಯ ನಡುವೆ ಪಾಠಗಳು ಪರದೆಯ ಮೇಲೆ ನಡೆಯತೊಡಗಿದವು. ಅಂದಿನಿಂದ ತಗಡಿನ ಮನೆಯಲ್ಲೂ ಆರ್‌ಸಿಸಿ ಮಾಳಿಗೆಯ ಕೆಳಗೂ ಲ್ಯಾಪ್‌ಟಾಪ್ ದುಡಿಯುತ್ತಿದೆ. ಮಧ್ಯಾಹ್ನವಾಗುತ್ತಿದ್ದಂತೆ ಅದರ ಫ್ಯಾನು ಬೊಬ್ಬೆ ಹಾಕುತ್ತದೆ, ಮುಂಜಾನೆ ಚುರುಕಾಗಿದ್ದ ಯಂತ್ರ ತೆವಳತೊಡಗುತ್ತದೆ. ವೈರಸ್ ಬಂದಿದೆ ಎಂದೋ, ಮಾಲೇ ಕಳಪೆ ಎಂದೋ ಊಹಿಸಿ ಅಂಗಡಿಗೆ ಒಯ್ದು ಹಣ ತೆರುವವರು ಉಂಟು. ಅನೇಕ ಸಲ ಅದು ರೋಗವೇ ಅಲ್ಲ. ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ನೊಗ ಇಳಿಸಿರುತ್ತದೆ. ಹಾಗೆ ಇಳಿಸುವ ಬಗೆ ಹೇಗೆ ರೂಪುಗೊಂಡಿತು ಎಂಬುದು ಗಣಕಗಳ ಚರಿತ್ರೆಯಲ್ಲಿ ಅಷ್ಟಾಗಿ ಬೆಳಕಿಗೆ ಬಾರದ ಅಧ್ಯಾಯ.

ಮೊದಲ ದೈತ್ಯ

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1946ರಲ್ಲಿ ಲೋಕಾರ್ಪಣೆಗೊಂಡ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18 ಸಾವಿರ ನಿರ್ವಾತ ನಳಿಕೆಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಬೀಳಬೇಕು. ದೊಡ್ಡ ಬೀಸುಯಂತ್ರಗಳಿಂದ ಗಾಳಿ ಹಾಯಿಸಿದರೂ ಸಾಲದೆ, ಒಳಗಿನ ಉಷ್ಣಾಂಶ ಸುಮಾರು 46 ಡಿಗ್ರಿ ದಾಟಿದರೆ ವಿದ್ಯುತ್ತು ಕಡಿದುಹೋಗುವ ಏರ್ಪಾಡು ಮಾಡಿದ್ದರು. ಅಂದರೆ ಅಂದಿನ ಯಂತ್ರಕ್ಕೆ ಗೊತ್ತಿದ್ದುದು ಎರಡೇ: ಪೂರಾ ದುಡಿಯುವುದು ಅಥವಾ ಪೂರಾ ನಿಲ್ಲುವುದು. ನಡುವಿನ ದಾರಿ ಅದಕ್ಕೆ ತಿಳಿದಿರಲಿಲ್ಲ.

ನಡುವಿನ ದಾರಿಯನ್ನು ಅರಿಯಲು ವೋಲ್ಟೇಜಿನ ಗುಟ್ಟು ತಿಳಿಯಬೇಕು. ನಮ್ಮ ಜಿಲ್ಲೆಗಳಲ್ಲಿ ವೋಲ್ಟೇಜ್ ಎಂದೊಡನೆ ನೆನಪಾಗುವುದು ಸುಟ್ಟುಹೋದ ಪಂಪ್‌ಸೆಟ್. ವೋಲ್ಟೇಜ್ ಇಳಿದರೆ ಮೋಟಾರ್ ಸುಡುತ್ತದೆ ಎಂಬುದು ಪ್ರತಿಯೊಬ್ಬ ರೈತನ ಅನುಭವ. ಎತ್ತಬೇಕಾದ ನೀರಿನ ಭಾರ ಕಡಿಮೆಯಾಗುವುದಿಲ್ಲವಾದ್ದರಿಂದ ಮೋಟಾರು ಹೆಚ್ಚು ಕರೆಂಟು ಎಳೆದುಕೊಂಡು ತಂತಿಸುರುಳಿ ಕಾಯುತ್ತದೆ. ಕಂಪ್ಯೂಟರಿನ ಪ್ರೊಸೆಸರಿನಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಅಲ್ಲಿ ವೋಲ್ಟೇಜ್ ಇಳಿಸಿದರೆ ಬಿಸಿ ತಗ್ಗುತ್ತದೆ. ಇಲ್ಲಿ ಹೇಳುತ್ತಿರುವುದು ಗೋಡೆಯ ಪ್ಲಗ್ಗಿನ 230 ವೋಲ್ಟಿನ ಮಾತಲ್ಲ. ಚಾರ್ಜರು ಮತ್ತು ಒಳಗಿನ ಮಂಡಲಗಳು ಅದನ್ನು ಪಳಗಿಸಿ ಪ್ರೊಸೆಸರಿಗೆ ಉಣಿಸುವ 1 ವೋಲ್ಟಿನ ಆಸುಪಾಸಿನ ತುತ್ತಿನ ಮಾತು.

ತೊಟ್ಟಿಯ ಲೆಕ್ಕ

ಪ್ರೊಸೆಸರಿನ ಒಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿವೆ. ಒಂದೊಂದನ್ನೂ ಒಂದು ಪುಟ್ಟ ತೊಟ್ಟಿ ಎಂದುಕೊಳ್ಳಬಹುದು. ಗಡಿಯಾರದ ಒಂದೊಂದು ಮಿಡಿತಕ್ಕೂ ಅವುಗಳಲ್ಲಿ ಕೆಲವು ತುಂಬುತ್ತವೆ, ಕೆಲವು ಬರಿದಾಗುತ್ತವೆ. ವೋಲ್ಟೇಜ್ ಎಂದರೆ ತೊಟ್ಟಿಯಲ್ಲಿ ನೀರು ಏರಬೇಕಾದ ಎತ್ತರ. ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ನೀರು ಅರ್ಧವಾಗುತ್ತದೆ. ಅದನ್ನು ಎತ್ತಬೇಕಾದ ಎತ್ತರವೂ ಅರ್ಧವಾಗುತ್ತದೆ. ಹೀಗಾಗಿ ಒಟ್ಟು ಶ್ರಮ ಕಾಲುಭಾಗಕ್ಕೆ ಇಳಿಯುತ್ತದೆ. ಪ್ರೊಸೆಸರಿನ ಬಿಸಿ ವೇಗಕ್ಕೆ ನೇರ ಪ್ರಮಾಣದಲ್ಲಿ, ವೋಲ್ಟೇಜಿಗೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ ಎಂಬ ಸೂತ್ರದ ತಿರುಳು ಇಷ್ಟೇ. ಆದರೆ ಒಂದು ತೊಡಕಿದೆ. ಎತ್ತರ ಕಡಿಮೆಯಾದರೆ ತೊಟ್ಟಿ ತುಂಬುವ ರಭಸವೂ ಕುಗ್ಗುತ್ತದೆ. ಹೆಚ್ಚು ವೇಗ ಬೇಕೆಂದರೆ ಹೆಚ್ಚು ವೋಲ್ಟೇಜ್ ಕೊಡಲೇಬೇಕು.

ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಒಂದು ಸುಂದರ ನಿಯಮ ತೋರಿಸಿದರು. ಟ್ರಾನ್ಸಿಸ್ಟರನ್ನು ಕುಗ್ಗಿಸಿದಂತೆಲ್ಲ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಹೆಚ್ಚು ವೇಗದಲ್ಲಿ ದುಡಿದರೂ ಬಿಸಿ ಹೆಚ್ಚುವುದಿಲ್ಲ. ಚಿಪ್ ತಯಾರಕರ ಸುವರ್ಣಯುಗಕ್ಕೆ ಇದು ಬುನಾದಿಯಾಯಿತು. 1993ರ ಮೊದಲ ಪೆಂಟಿಯಂ 5 ವೋಲ್ಟಿನಲ್ಲಿ ಓಡುತ್ತಿತ್ತು. ಒಂದು ದಶಕದೊಳಗೆ ಅದು ಒಂದೂವರೆ ವೋಲ್ಟಿನ ಹತ್ತಿರ ಬಂತು. ಆದರೆ 1 ವೋಲ್ಟಿನ ಸುತ್ತಮುತ್ತ ಈ ಇಳಿಕೆಗೆ ತಡೆ ಬಿತ್ತು. ಅಷ್ಟು ಚಿಕ್ಕ ಟ್ರಾನ್ಸಿಸ್ಟರು ಮುಚ್ಚಿದಾಗಲೂ ಸೋರತೊಡಗಿತು. ಹಳೆಯ ತೂಬು ಎಷ್ಟು ಬಿಗಿದರೂ ತೊಟ್ಟಿಕ್ಕುವಂತೆ, ಕೆಲಸವಿಲ್ಲದಿದ್ದರೂ ವಿದ್ಯುತ್ತು ಹರಿದು ಬಿಸಿಯಾಗುತ್ತಿತ್ತು. ವೇಗದ ಹುಚ್ಚು ಮಾತ್ರ ಇಳಿಯಲಿಲ್ಲ. 2004ರ ಕೆಲವು ಪೆಂಟಿಯಂ-4 ಮಾದರಿಗಳು 100 ವಾಟ್ ದಾಟಿದವು. ಅದೇ ವರ್ಷ ಇಂಟೆಲ್ ತನ್ನ ಮುಂದಿನ ಪೀಳಿಗೆಯ ಯೋಜನೆಯನ್ನೂ, ಬಳಿಕ 4 ಗಿಗಾಹರ್ಟ್ಸಿನ ಪೆಂಟಿಯಂ-4 ತರುವ ವಿಚಾರವನ್ನೂ ಕೈಬಿಟ್ಟಿತು.

ಬ್ಯಾಟರಿ ಕಲಿಸಿದ ಪಾಠ

ಪರಿಹಾರ ಮಾತ್ರ ಮೊದಲೇ ಬೇರೊಂದು ಮೂಲೆಯಲ್ಲಿ ಮೊಳೆತಿತ್ತು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪ್ರಯೋಗಾಲಯದ ಮಾರ್ಕ್ ವೈಸರ್ ಮತ್ತು ಸಂಗಡಿಗರು 1994ರಲ್ಲೇ ಒಂದು ಪ್ರಬಂಧ ಮಂಡಿಸಿದ್ದರು. ಕೆಲಸವನ್ನು ಬೇಗ ಮುಗಿಸಿ ಸುಮ್ಮನೆ ಕೂರುವುದಕ್ಕಿಂತ, ಬೇಕಾದಷ್ಟೇ ವೇಗದಲ್ಲಿ, ಇಳಿಸಿದ ವೋಲ್ಟೇಜಿನಲ್ಲಿ ನಿಧಾನವಾಗಿ ಮುಗಿಸಿದರೆ ಶಕ್ತಿ ಉಳಿಯುತ್ತದೆ ಎಂಬುದು ಅದರ ಸಾರ. ಅವರ ಕಣ್ಣಿದ್ದುದು ಬ್ಯಾಟರಿಯ ಮೇಲೆ. 2000ರ ಜನವರಿಯಲ್ಲಿ ಇದು ಮಾರುಕಟ್ಟೆಗೆ ಬಂತು. ಟ್ರಾನ್ಸ್‌ಮೆಟಾ ಎಂಬ ಚಿಕ್ಕ ಕಂಪನಿಯ ‘ಕ್ರೂಸೊ’ ಚಿಪ್ಪೂ ಇಂಟೆಲ್‌ನ ‘ಸ್ಪೀಡ್‌ಸ್ಟೆಪ್’ ತಂತ್ರವೂ ಒಂದೇ ತಿಂಗಳು ಪ್ರಕಟವಾದವು.

ಸ್ಪೀಡ್‌ಸ್ಟೆಪ್‌ನ ಲೆಕ್ಕ ಕುತೂಹಲಕರ. ಪ್ಲಗ್ಗಿಗೆ ಸಿಕ್ಕಿಸಿದಾಗ ಅದರ ಪೆಂಟಿಯಂ-3 ಲ್ಯಾಪ್‌ಟಾಪ್ ಚಿಪ್ 1.6 ವೋಲ್ಟಿನಲ್ಲಿ 650 ಮೆಗಾಹರ್ಟ್ಸ್ ಓಡುತ್ತಿತ್ತು, ಬ್ಯಾಟರಿಯಲ್ಲಿದ್ದಾಗ 1.35 ವೋಲ್ಟಿನಲ್ಲಿ 500. ವೇಗ ಶೇ 23ರಷ್ಟು ಕುಗ್ಗಿತು. ಆದರೆ ಮೇಲಿನ ಸೂತ್ರದಂತೆ ಲೆಕ್ಕ ಹಾಕಿದರೆ ವಿದ್ಯುತ್ತು ಶೇ 45ರಷ್ಟು ಇಳಿಯಿತು. ಸ್ವಲ್ಪ ವೇಗ ಬಿಟ್ಟುಕೊಟ್ಟು ಬಹಳಷ್ಟು ಬಿಸಿ ಕಳೆದುಕೊಳ್ಳುವ ಈ ವ್ಯಾಪಾರವೇ ಇಂದಿನ ಪ್ರತಿಯೊಂದು ಲ್ಯಾಪ್‌ಟಾಪಿನ, ಮೊಬೈಲಿನ ಜೀವಾಳ.

ವೋಲ್ಟೇಜ್ ಮುಟ್ಟದೆ ವೇಗವೊಂದನ್ನೇ ತಗ್ಗಿಸಿದರೆ ಈ ಲಾಭವಿಲ್ಲ. ಪೆಂಟಿಯಂ-4ರ ಮೊದಲ ರಕ್ಷಣಾ ವ್ಯವಸ್ಥೆ ಅಂಥದ್ದು. ಬಿಸಿ ಮಿತಿ ಮೀರಿದಾಗ ಅದು ಗಡಿಯಾರದ ಮಿಡಿತವನ್ನೇ ಆಗಾಗ ತಡೆಹಿಡಿಯುತ್ತಿತ್ತು. ಹತ್ತು ಹೆಜ್ಜೆಯಲ್ಲಿ ಐದನ್ನು ನುಂಗಿಹಾಕಿದಂತೆ. ಮುಂದಿನ ವ್ಯವಸ್ಥೆಯಲ್ಲಿ ವೇಗದ ಜತೆ ವೋಲ್ಟೇಜನ್ನೂ ಇಳಿಸಿದರು. ಮುಗ್ಗರಿಸುವುದಕ್ಕೂ ನಡಿಗೆ ನಿಧಾನಿಸುವುದಕ್ಕೂ ಇರುವ ವ್ಯತ್ಯಾಸವಿದು.

ವೈಟ್‌ಫೀಲ್ಡ್ ಎಂಬ ಹೆಸರಿನ ಚಿಪ್

ಈ ಚರಿತ್ರೆಯಲ್ಲಿ ಕರ್ನಾಟಕದ ಹೆಸರೂ ಇದೆ. ಇಂಟೆಲ್‌ನ ಬೆಂಗಳೂರು ಕೇಂದ್ರ ಕೈಗೆತ್ತಿಕೊಂಡ ಒಂದು ಪ್ರೊಸೆಸರಿಗೆ ಬೆಂಗಳೂರಿನ ಬಡಾವಣೆಯ ಹೆಸರನ್ನೇ ಇಡಲಾಗಿತ್ತು: ‘ವೈಟ್‌ಫೀಲ್ಡ್’. ಲ್ಯಾಪ್‌ಟಾಪಿಗೆಂದು ರೂಪಿಸಿದ, ಕಡಿಮೆ ವಿದ್ಯುತ್ತಿನ ಕೋರ್‌ಗಳನ್ನು ಒಟ್ಟುಗೂಡಿಸಿ ದೊಡ್ಡ ಸರ್ವರುಗಳಿಗೆ ಚಿಪ್ ಮಾಡಬೇಕೆಂಬುದು ಅದರ ಹಿಂದಿನ ಆಲೋಚನೆ. 2005ರಲ್ಲಿ ಆ ಯೋಜನೆ ರದ್ದಾಯಿತು. ಬೆಂಗಳೂರಿನ ಎಂಜಿನಿಯರುಗಳು ಅಲ್ಲಿಗೇ ನಿಲ್ಲಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಅವರು ವಿನ್ಯಾಸಗೊಳಿಸಿದ ಆರು ಕೋರ್‌ಗಳ ‘ಡನ್ನಿಂಗ್ಟನ್’ ಚಿಪ್ ಹೊರಬಂತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು 190 ಕೋಟಿ.

ನಮ್ಮ ವಿಷಯಕ್ಕೆ ಬೇಕಾದ ಉದಾಹರಣೆ ಈ ಚಿಪ್ಪಿನಲ್ಲೇ ಇದೆ. ಅದರ ಅತಿ ವೇಗದ ಮಾದರಿ 2.66 ಗಿಗಾಹರ್ಟ್ಸಿನಲ್ಲಿ ಓಡಿ 130 ವಾಟ್ ಬೇಡುತ್ತಿತ್ತು. ಆರೇ ಕೋರ್‌ಗಳ ಇನ್ನೊಂದು ಮಾದರಿಗೆ 2.13 ಗಿಗಾಹರ್ಟ್ಸಿನಲ್ಲಿ 65 ವಾಟ್ ಸಾಕಾಗಿತ್ತು. ಅದರ ಒಳಗಣ ಕ್ಯಾಷ್ ಸ್ಮರಣೆ ಸ್ವಲ್ಪ ಕಡಿಮೆ ಎಂಬುದೊಂದು ಬಿಟ್ಟರೆ ವಿನ್ಯಾಸ ಒಂದೇ. ವೇಗದಲ್ಲಿ ಐದನೆಯ ಒಂದು ಪಾಲು ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಅರ್ಧಪಾಲು ಉಳಿತಾಯ.

ಬಿದ್ದ ಬೀಗ

ಸುಮಾರು 2011ರಿಂದೀಚಿನ ಇಂಟೆಲ್ ಲ್ಯಾಪ್‌ಟಾಪುಗಳಿಗೆ ಎರಡು ಮಿತಿಗಳಿರುತ್ತವೆ. ಕೆಲವು ಕ್ಷಣ ಮಾತ್ರ ಸಲ್ಲುವ ದೊಡ್ಡ ಮಿತಿ ಒಂದು, ದೀರ್ಘಕಾಲ ತಾಳಬೇಕಾದ ಚಿಕ್ಕ ಮಿತಿ ಇನ್ನೊಂದು. ಅಂಗಡಿಯಲ್ಲಿ ನಾವು ನೋಡಿ ಬೆರಗಾಗುವುದು ಮೊದಲನೆಯದನ್ನು. ಮನೆಯಲ್ಲಿ ದಿನವಿಡೀ ಬಾಳುವುದು ಎರಡನೆಯದರ ಜತೆ. ಇದರ ಮೇಲೆ ಬಳಕೆದಾರರು ತಾವೇ ಮತ್ತೊಂದು ಉಪಾಯ ಕಂಡುಕೊಂಡರು. ಒಂದೇ ಕಾರ್ಖಾನೆಯ ಎರಡು ಚಿಪ್ಪುಗಳು ಪೂರಾ ಒಂದೇ ರೀತಿ ಇರುವುದಿಲ್ಲ. ತೀರ ದುರ್ಬಲವಾದುದೂ ಮುಪ್ಪಿನಲ್ಲೂ ಬಿಸಿಯಲ್ಲೂ ತಪ್ಪದೆ ದುಡಿಯಲಿ ಎಂದು ತಯಾರಕರು ಎಲ್ಲಕ್ಕೂ ಸ್ವಲ್ಪ ಹೆಚ್ಚು ವೋಲ್ಟೇಜ್ ನಿಗದಿ ಮಾಡುತ್ತಾರೆ. ಈ ಹೆಚ್ಚುವರಿಯನ್ನು ಕಳೆದುಬಿಟ್ಟರೆ ವೇಗ ಕುಂದದೆ ಬಿಸಿ ಇಳಿಯುತ್ತದೆ. 1 ವೋಲ್ಟ್ ಇದ್ದುದನ್ನು 0.9ಕ್ಕೆ ತಂದರೆ ಸೋರಿಕೆಯ ಲೆಕ್ಕ ಬಿಟ್ಟು ಶೇ 19ರಷ್ಟು ಉಳಿತಾಯ. ಅತಿಯಾದರೆ ಯಂತ್ರ ಹಠಾತ್ತನೆ ನಿಂತು, ಉಳಿಸದ ಬರಹ ಕಳೆದುಹೋಗುವ ಅಪಾಯವೂ ಉಂಟು.

ಆದರೆ 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್ ಮತ್ತು ಲೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ‘ಪ್ಲಂಡರ್‌ವೋಲ್ಟ್’ ಎಂಬ ಲೋಪ ಬಯಲು ಮಾಡಿದರು. ವೋಲ್ಟೇಜನ್ನು ಬೇಕೆಂದೇ ತೀರ ಇಳಿಸಿ ಪ್ರೊಸೆಸರನ್ನು ಲೆಕ್ಕ ತಪ್ಪಿಸಬಹುದು, ಆ ತಪ್ಪಿನ ಮೂಲಕ ಅದರೊಳಗಿನ ಗುಪ್ತ ಕೀಲಿಗಳನ್ನು ಕದಿಯಬಹುದು ಎಂದು ಅವರು ತೋರಿಸಿಕೊಟ್ಟರು. ಇದಕ್ಕೆ ಮದ್ದಾಗಿ ಅನೇಕ ಲ್ಯಾಪ್‌ಟಾಪುಗಳಲ್ಲಿ ವೋಲ್ಟೇಜ್ ಬದಲಿಸುವ ಬಾಗಿಲಿಗೇ ಬೀಗ ಬಿತ್ತು. ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೂ ಹೊರಗಿಟ್ಟಿತು. ವೋಲ್ಟೇಜ್ ಅತಿಯಾದರೂ ಕೇಡೇ ಎಂಬುದಕ್ಕೆ 2024ರಲ್ಲಿ ನಿದರ್ಶನ ದೊರೆಯಿತು. ಇಂಟೆಲ್‌ನ ಮೇಜುಗಣಕದ ಕೆಲವು ಚಿಪ್ಪುಗಳು ಮಿತಿಮೀರಿದ ವೋಲ್ಟೇಜಿನಿಂದ ಕೆಡುತ್ತಿವೆ ಎಂದು ಕಂಪನಿಯೇ ಒಪ್ಪಿ, ಆಗಸ್ಟಿನಲ್ಲಿ ತಿದ್ದುಪಡಿ ಹೊರಡಿಸಿತು.

42 ಡಿಗ್ರಿಯ ಪ್ರಶ್ನೆ

ಇನ್ನು ನಮ್ಮ ಬಿಸಿಲಿಗೆ ಬರೋಣ. ಬಹುಪಾಲು ಲ್ಯಾಪ್‌ಟಾಪ್ ಚಿಪ್ಪುಗಳು ತಾಳುವ ಉಷ್ಣಾಂಶದ ಮಿತಿ 100 ಡಿಗ್ರಿಯ ಸುತ್ತಮುತ್ತ. ಫ್ಯಾನು ಎಷ್ಟು ಬಿಸಿ ಹೊರಹಾಕಬಲ್ಲದು ಎಂಬುದು ಚಿಪ್ಪಿಗೂ ಸುತ್ತಲ ಗಾಳಿಗೂ ಇರುವ ಉಷ್ಣಾಂಶದ ಅಂತರವನ್ನು ಅವಲಂಬಿಸಿದೆ. 25 ಡಿಗ್ರಿಯ ತಂಪು ಕೋಣೆಯಲ್ಲಿ ಆ ಅಂತರ 75. ಕುಷ್ಟಗಿಯಲ್ಲಿ 42 ಡಿಗ್ರಿಯ ಮಧ್ಯಾಹ್ನ ಅದು 58. ಅಂದರೆ ತಂಪು ಕೋಣೆಯಲ್ಲಿ 30 ವಾಟ್ ಹೊರದೂಡುತ್ತಿದ್ದ ಅದೇ ಫ್ಯಾನು ಇಲ್ಲಿ ದೂಡಬಲ್ಲದು ಸುಮಾರು 23 ವಾಟ್ ಮಾತ್ರ. ಧೂಳು ಕಟ್ಟಿದರೆ, ಹಾಸಿಗೆಯ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ ಅದೂ ಇಲ್ಲ. ಯಲಬುರ್ಗಾದ ವಿದ್ಯಾರ್ಥಿಗೆ ಸಿಕ್ಕ ಯಂತ್ರ ಕಳಪೆಯಲ್ಲ. ಅದರ ಡಬ್ಬಿಯ ಮೇಲೆ ಬರೆದ ವೇಗ ಬೇರೊಂದು ಹವೆಯದು, ಅಷ್ಟೇ.

ಮಿತಿಯನ್ನು ಮುಟ್ಟಿ ಯಂತ್ರ ತಡಬಡಿಸುವವರೆಗೂ ಕಾಯಬೇಕಿಲ್ಲ. ವಿಂಡೋಸ್‌ನ ವಿದ್ಯುತ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿ ಶೇ 100 ಎಂದಿರುತ್ತದೆ. ಅದನ್ನು 99ಕ್ಕೆ ಇಳಿಸಿದರೆ ಅನೇಕ ಯಂತ್ರಗಳಲ್ಲಿ ಕ್ಷಣಿಕ ನೆಗೆತದ ವೇಗ ನಿಲ್ಲುತ್ತದೆ, ಅದರೊಂದಿಗೆ ವೋಲ್ಟೇಜೂ ತಾನಾಗಿ ತಗ್ಗುತ್ತದೆ. ಬೀಗ ಬಿದ್ದ ಯಂತ್ರಗಳಲ್ಲೂ ಈ ಕಿಟಕಿ ಸಾಮಾನ್ಯವಾಗಿ ತೆರೆದಿರುತ್ತದೆ. ಪಾಠ ಕೇಳಲು, ಟೈಪು ಮಾಡಲು, ಅರ್ಜಿ ತುಂಬಲು ಆ ನೆಗೆತದ ಅಗತ್ಯವೂ ಹೆಚ್ಚಿಲ್ಲ. ಖರ್ಚಿಲ್ಲದ ಈ ಉಪಾಯ ತಿಳಿಯದೆ ಎಷ್ಟೋ ಕುಟುಂಬಗಳು ದುರಸ್ತಿಗೆ ಹಣ ಸುರಿಯುವುದು ವಿಷಾದದ ಸಂಗತಿ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಾವಿರಗಟ್ಟಲೆ ಲ್ಯಾಪ್‌ಟಾಪುಗಳನ್ನು ಒಟ್ಟಿಗೆ ಕೊಳ್ಳುವಾಗ ಮೆಮೊರಿ ಎಷ್ಟು, ಪರದೆ ಎಷ್ಟು ಅಗಲ ಎಂದು ಕೇಳುವವರಿದ್ದಾರೆ. 42 ಡಿಗ್ರಿಯಲ್ಲಿ ಎರಡು ತಾಸು ಎಡೆಬಿಡದೆ ಎಷ್ಟು ವೇಗ ಕೊಡಬಲ್ಲದು ಎಂದು ಕೇಳುವವರೂ ಬೇಕು. ಈ ಬಿಸಿಲಿನಲ್ಲಿ ಓದುವ ಮಕ್ಕಳ ಪಾಲಿಗೆ ಮುಖ್ಯವಾದ ಅಂಕಿ ಅದೊಂದೇ.